ಕುರ್ಚಿಗೂ ಸಾಲವಿರುತ್ತದೆಯೇ?

2016ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊದಲ್ಲಿ ಅಂತರರಾಷ್ಟ್ರೀಯ ಪೊಲೀಸ್ ಮುಖ್ಯಸ್ಥರ ಸಂಘದ ವಾರ್ಷಿಕ ಸಮ್ಮೇಳನ ಸೇರಿತ್ತು. ಅಧ್ಯಕ್ಷ ಟೆರೆನ್ಸ್ ಕನಿಂಗ್‌ಹ್ಯಾಮ್ ಅವರ ಒಂದು ವರ್ಷದ ಅವಧಿ ಆ ಸಮ್ಮೇಳನದೊಂದಿಗೆ ಮುಗಿಯುವುದಿತ್ತು. ಹುದ್ದೆ ಬಿಟ್ಟುಕೊಡುವವರು ಸಾಮಾನ್ಯವಾಗಿ ವರ್ಷದ ಸಾಧನೆ ಹೇಳಿ, ಜೊತೆಗಾರರನ್ನು ನೆನೆದು ವೇದಿಕೆ ಇಳಿಯುತ್ತಾರೆ. ಇವರು ಕ್ಷಮೆ ಕೇಳಿದರು. ಬಿಳಿಯರಲ್ಲದ ಸಮುದಾಯಗಳನ್ನು ಅಮೆರಿಕದ ಸಮಾಜ ತಲೆಮಾರುಗಳಿಂದ ನಡೆಸಿಕೊಂಡು ಬಂದ ರೀತಿಯಲ್ಲಿ ಪೊಲೀಸರಿಗೂ ಪಾಲಿದೆ, ಅದನ್ನು ಒಪ್ಪಿಕೊಂಡು ಕ್ಷಮೆ ಕೇಳುವುದೇ ಮೊದಲ ಹೆಜ್ಜೆ ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆ ವರ್ಷ ಸುಲಭದ್ದಾಗಿರಲಿಲ್ಲ. ಜುಲೈ 5ರಂದು ಬ್ಯಾಟನ್ ರೂಜ್‌ನಲ್ಲಿ ಆಲ್ಟನ್ ಸ್ಟರ್ಲಿಂಗ್, ಮರುದಿನವೇ ಮಿನೆಸೋಟಾದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಪೊಲೀಸರ ಗುಂಡಿಗೆ ಬಲಿಯಾದರು. ಅದರ ಮರುದಿನ ರಾತ್ರಿ ಡಲ್ಲಾಸ್‌ನಲ್ಲಿ ಪ್ರತಿಭಟನೆಯ ಬಂದೋಬಸ್ತಿಗೆ ನಿಂತಿದ್ದ ಐವರು ಪೊಲೀಸರನ್ನು ಒಬ್ಬ ಗುಂಡಿಟ್ಟು ಕೊಂದ. ಹತ್ತು ದಿನ ಕಳೆಯುವಷ್ಟರಲ್ಲಿ ಬ್ಯಾಟನ್ ರೂಜ್‌ನಲ್ಲಿ ಮತ್ತೆ ಮೂವರು ಪೊಲೀಸರು ಹತರಾದರು. ತನ್ನವರನ್ನು ಕಳೆದುಕೊಂಡ ಸಂಘದ ಅಧ್ಯಕ್ಷ ಬರೀ ಶೋಕ ವ್ಯಕ್ತಪಡಿಸಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ.

ಕ್ಷಮೆಯ ಮಾತು ಎರಡೂ ಕಡೆಯವರನ್ನು ಕೆರಳಿಸಿತು. ಇಂದಿನ ಪೊಲೀಸರು ಮಾಡದ ತಪ್ಪನ್ನು ಅವರ ತಲೆಗೆ ಕಟ್ಟಬೇಡಿ ಎಂದು ಕೆಲವು ಪೊಲೀಸ್ ಯೂನಿಯನ್‌ಗಳ ಮುಖಂಡರು ಸಿಟ್ಟಾದರು. ನಿನ್ನೆಯದಕ್ಕೆ ಕ್ಷಮೆ ಕೇಳಿದಿರಿ, ಇಂದು ನಡೆಯುತ್ತಿರುವುದಕ್ಕೆ ಏನು ಹೇಳುತ್ತೀರಿ ಎಂದು ಹೋರಾಟಗಾರರು ಕೇಳಿದರು. ಎರಡು ಆಕ್ಷೇಪಗಳ ಬುಡದಲ್ಲೂ ಇರುವುದು ಧರ್ಮಗ್ರಂಥಗಳಷ್ಟೇ ಹಳೆಯ ಒಂದು ಪ್ರಶ್ನೆ: ತಾನು ಮಾಡದ ಪಾಪಕ್ಕೆ ಮನುಷ್ಯ ಹೊಣೆಯಾಗಬಲ್ಲನೇ?

ಮಾಡಿದ್ದುಣ್ಣೋ ಮಹಾರಾಯ ಎನ್ನುವ ನಮ್ಮ ಗಾದೆಯ ಪ್ರಕಾರ ಆಗಲಾರ. ಬೈಬಲ್ಲು ಇಬ್ಬಗೆಯಾಗಿ ಮಾತಾಡುತ್ತದೆ. ತಂದೆಗಳ ದೋಷ ಮೂರು ನಾಲ್ಕು ತಲೆಮಾರಿನವರೆಗೆ ಬೆನ್ನು ಹತ್ತುತ್ತದೆ ಎಂದು ವಿಮೋಚನಕಾಂಡ ಎಚ್ಚರಿಸಿದರೆ, ತಂದೆಯ ಪಾಪವನ್ನು ಮಗ ಹೊರಬೇಕಿಲ್ಲ ಎಂದು ಪ್ರವಾದಿ ಯೆಹೆಜ್ಕೇಲ ಸಾರುತ್ತಾನೆ. ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ ಇವೆರಡರ ನಡುವಿನ ಒಂದು ವಿಧಿ ಇದೆ. ಬಯಲಿನಲ್ಲಿ ಕೊಲೆಯಾದವನ ಹೆಣ ಸಿಕ್ಕು, ಕೊಂದವನು ಯಾರೆಂದು ತಿಳಿಯದಿದ್ದರೆ, ಹಿರಿಯರು ಬಂದು ಸುತ್ತಲ ಊರುಗಳಿಗೆ ಇರುವ ದೂರ ಅಳೆಯಬೇಕು. ಎಲ್ಲಕ್ಕಿಂತ ಹತ್ತಿರದ ಊರಿನ ಹಿರಿಯರು ಕಡಸೊಂದನ್ನು ಬಲಿಕೊಟ್ಟು, ಕೈತೊಳೆದು, ಈ ರಕ್ತ ನಾವು ಸುರಿಸಿದ್ದಲ್ಲ ಎಂದು ಹೇಳಿ ಕ್ಷಮೆ ಬೇಡಬೇಕು. ಕೊಂದವರು ಅವರಲ್ಲ. ಆದರೂ ಅಧಿಕಾರದಲ್ಲಿರುವವರು ಅವರೇ ಆದ್ದರಿಂದ ಅವರೇ ಬರಬೇಕು.

ಮನುಸ್ಮೃತಿ ಇನ್ನೂ ಲೆಕ್ಕಾಚಾರದ ಮಾತಾಡುತ್ತದೆ. ಜಾತಿ ನೋಡಿ ಶಿಕ್ಷೆ ಅಳೆಯುವ ಆ ಗ್ರಂಥವನ್ನು ನ್ಯಾಯದ ಮಾದರಿಯೆಂದು ಯಾರೂ ಎತ್ತಿಹಿಡಿಯಬೇಕಿಲ್ಲ. ಆದರೂ ಅದರ ಎಂಟನೇ ಅಧ್ಯಾಯ ಹೇಳುವ ಪಾಲುಪಟ್ಟಿ ಗಮನಿಸಬೇಕಾದದ್ದು: ನ್ಯಾಯಸಭೆಯಲ್ಲಿ ಅಧರ್ಮ ನಡೆದರೆ ಅದರ ಕಾಲುಭಾಗ ಮಾಡಿದವನಿಗೆ, ಕಾಲುಭಾಗ ಸಾಕ್ಷಿಗೆ, ಕಾಲುಭಾಗ ಸಭೆಯಲ್ಲಿ ಕೂತವರೆಲ್ಲರಿಗೆ, ಉಳಿದದ್ದು ರಾಜನಿಗೆ. ನೋಡುತ್ತ ಕೂತವರ ಹೆಸರಿಗೂ ಪಾಲು ಬರೆದಿಟ್ಟ ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಇದಕ್ಕಿಂತ ಹತ್ತಿರದ ಉತ್ತರ ಧರ್ಮಶಾಸ್ತ್ರದ ಸಾಲದ ಪ್ರಕರಣದಲ್ಲಿದೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ. 2005ರ ತಿದ್ದುಪಡಿಯವರೆಗೂ ಭಾರತದ ಹಿಂದೂ ಕಾನೂನು ಇದನ್ನು ಮಾನ್ಯ ಮಾಡಿತ್ತು. ಆದರೆ ತಂದೆ ಕಟ್ಟದೆ ಉಳಿಸಿದ ದಂಡವನ್ನು ಮಗ ಕಟ್ಟಬೇಕಿಲ್ಲ. ಜೂಜು, ಕುಡಿತದ ಬಾಕಿಯೂ ಅಷ್ಟೇ. ಶಿಕ್ಷೆ ವಂಶಕ್ಕೆ ಇಳಿಯುವುದಿಲ್ಲ, ಋಣ ಇಳಿಯುತ್ತದೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ತನ್ನ ದೇಶದವರ ಮುಂದೆ ತಪ್ಪಿನ ನಾಲ್ಕು ಬಗೆಗಳನ್ನು ಬಿಡಿಸಿಟ್ಟಾಗ ಮಾಡಿದ್ದೂ ಇಂಥದೇ ಕೆಲಸ. ಅಪರಾಧ ಅವರವರದು, ಆದರೆ ಪ್ರಭುತ್ವದ ಹೆಸರಿನಲ್ಲಿ ನಡೆದದ್ದಕ್ಕೆ ಪ್ರಜೆಗಳೆಲ್ಲರೂ ರಾಜಕೀಯವಾಗಿ ಬಾಧ್ಯರು ಎಂದರು.

ಪೊಲೀಸ್ ಸಂಘ ಹುಟ್ಟಿದ್ದು 1893ರಲ್ಲಿ, ಷಿಕಾಗೊದಲ್ಲಿ. ಆ ಚರಿತ್ರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು, ಸತ್ತ ಸಹೋದ್ಯೋಗಿಗಳ ತ್ಯಾಗವನ್ನು ನಮ್ಮದೆನ್ನುವವರು, ಅದೇ ಸಮವಸ್ತ್ರ ತೊಟ್ಟವರು ಕರಿಯರನ್ನು ಬೇರ್ಪಡಿಸುವ ಕಾನೂನನ್ನು ಲಾಠಿಯಿಂದ ಜಾರಿಗೊಳಿಸಿದ್ದನ್ನು ಮಾತ್ರ ಪರರದ್ದೆನ್ನಲಾಗದು. ಕೀರ್ತಿ ಕುರ್ಚಿಯದಾದರೆ ಋಣವೂ ಕುರ್ಚಿಯದೇ. ಕನಿಂಗ್‌ಹ್ಯಾಮ್ ಇದನ್ನು ಕಂಡುಕೊಂಡರು ಎಂಬುದೇ ಅವರ ಆ ವರ್ಷದ ದೊಡ್ಡ ಕೆಲಸ.

ಆದರೆ ಅವರ ಹೇಳಿಕೆಗೆ ಇನ್ನೊಂದು ಭಾಗವಿತ್ತು. ಪೊಲೀಸರನ್ನು ಖಂಡಿಸುವವರೂ ಹಿಂದಿನ ಅನ್ಯಾಯಗಳಿಗೆ ಇಂದಿನ ಪೊಲೀಸರು ಕಾರಣರಲ್ಲವೆಂದು ಒಪ್ಪಿಕೊಳ್ಳಬೇಕು ಎಂದರು. ಮಾತು ಸತ್ಯವೇ. ಆದರೂ ಅದನ್ನು ಹೇಳುವ ಜಾಗ ಅದಲ್ಲ. ಕ್ಷಮೆ ಕೇಳುವ ಬಾಯಲ್ಲೇ ಪ್ರತಿಫಲ ಕೇಳಿದರೆ ಋಣ ತೀರಿಸುವುದು ಹೋಗಿ ಚೌಕಾಸಿ ಶುರುವಾಗುತ್ತದೆ. ಇನ್ನೊಂದು ಕೊರತೆಯೆಂದರೆ ಆ ಕ್ಷಮೆಯಲ್ಲಿ ಒಬ್ಬರ ಹೆಸರೂ ಇರಲಿಲ್ಲ, ಒಂದು ಊರೂ ಇರಲಿಲ್ಲ.

ಊರು ಮತ್ತು ಹೆಸರು ಎರಡೂ ಇದ್ದ ಕ್ಷಮೆ ಮೂರು ತಿಂಗಳ ನಂತರ ಬಂತು. ಜಾರ್ಜಿಯಾದ ಲಗ್ರೇಂಜ್ ಪಟ್ಟಣದಲ್ಲಿ 1940ರ ಸೆಪ್ಟೆಂಬರ್‌ನಲ್ಲಿ ಆಸ್ಟಿನ್ ಕ್ಯಾಲವೇ ಎಂಬ ಕಪ್ಪು ಹುಡುಗನನ್ನು, ಬಿಳಿ ಹೆಂಗಸಿನ ಮೇಲೆ ಹಲ್ಲೆಯ ಆರೋಪದಲ್ಲಿ, ಜೈಲಿಗೆ ಹಾಕಿದ್ದರು. ರಾತ್ರಿ ಶಸ್ತ್ರ ಹಿಡಿದ ಬಿಳಿಯರು ಬಂದು ಅವನನ್ನು ಹೊರಗೆಳೆದೊಯ್ದು ಗುಂಡು ಹೊಡೆದರು. ಪೊಲೀಸ್ ತನಿಖೆಯೆಂಬುದು ನಡೆಯಲೇ ಇಲ್ಲ. ದಶಕಗಳ ನಂತರ ಪೊಲೀಸ್ ಕಚೇರಿಯ ಗೋಡೆಯ ಹಳೆಯ ಫೋಟೊ ನೋಡುತ್ತಿದ್ದ ಇಬ್ಬರು ಕಪ್ಪು ವೃದ್ಧೆಯರು, ನಮ್ಮವರನ್ನು ಕೊಂದವರು ಇವರೇ ಎಂದು ಮಾತಾಡಿಕೊಂಡದ್ದು ಸಿಬ್ಬಂದಿಯೊಬ್ಬರ ಮೂಲಕ ಮುಖ್ಯಸ್ಥ ಲೂಯಿಸ್ ಡೆಕ್ಮಾರ್ ಕಿವಿಗೆ ಬಿತ್ತು. ಅವರು ಹಳೆಯ ದಾಖಲೆ ಹುಡುಕಿಸಿದರು. 2017ರ ಜನವರಿ 26ರಂದು ಊರಿನ ವಾರೆನ್ ಟೆಂಪಲ್ ಮೆಥಡಿಸ್ಟ್ ಚರ್ಚಿನಲ್ಲಿ, ಕ್ಯಾಲವೇ ಕುಟುಂಬದವರ ಎದುರು ನಿಂತು, ಇಲಾಖೆ ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಕೇಳಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರೇ ಸಂಘದ ಅಧ್ಯಕ್ಷರಾದರು.

ಹನ್ನೆರಡನೇ ಶತಮಾನದ ಯಹೂದಿ ಚಿಂತಕ ಮೈಮೊನಿಡಿಸ್ ಪಶ್ಚಾತ್ತಾಪದ ನಿಯಮಗಳಲ್ಲಿ ಇದಕ್ಕೂ ದಾರಿ ಬರೆದಿದ್ದಾನೆ. ನೊಂದವನು ಸತ್ತಿದ್ದರೆ ಹತ್ತು ಜನರನ್ನು ಅವನ ಸಮಾಧಿಗೆ ಕರೆದೊಯ್ದು, ಅವರ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಲಗ್ರೇಂಜ್‌ನಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ. ಆದರೆ ಆತನ ಇನ್ನೊಂದು ನಿಯಮ ಬಲು ಕಠಿಣ: ಅದೇ ಸಂದರ್ಭ ಮತ್ತೆ ಎದುರಾಗಿ, ಅದೇ ತಪ್ಪು ಮಾಡುವ ಶಕ್ತಿಯೂ ಇದ್ದು, ಆಗ ಮಾಡದಿದ್ದರೆ ಮಾತ್ರ ಪಶ್ಚಾತ್ತಾಪ ಪೂರ್ಣವಾಗುತ್ತದೆ. ವ್ಯಕ್ತಿಗೆ ಇದು ಸರಿ. ಸಂಸ್ಥೆಯಲ್ಲಿ ಕ್ಷಮೆ ಕೇಳುವವರು ಒಬ್ಬರು, ಪರೀಕ್ಷೆಗೆ ಕೂರುವವರು ಇನ್ನೊಬ್ಬರು. ಒಂದು ವರ್ಷದ ಅಧ್ಯಕ್ಷ ಮೊದಲನೆಯದನ್ನಷ್ಟೇ ಮಾಡಬಲ್ಲ. ಎರಡನೆಯದಕ್ಕೆ ನಿಯಮ ಬರೆದಿಟ್ಟು ಹೋಗಬಹುದು.

ಆ ಕೆಲಸವೂ ಆ ವರ್ಷವೇ ಶುರುವಾಗಿತ್ತು. 2016ರ ಏಪ್ರಿಲ್‌ನಲ್ಲಿ ಸಂಘ ಇತರ ಪೊಲೀಸ್ ಸಂಘಟನೆಗಳನ್ನು ಕೂಡಿಸಿತು. ಹನ್ನೊಂದು ಸಂಘಟನೆಗಳು ಒಪ್ಪಿದ ಬಲಪ್ರಯೋಗ ನೀತಿ 2017ರ ಜನವರಿಯಲ್ಲಿ ಹೊರಬಂತು. ಜೊತೆಗಾರ ಮಿತಿಮೀರಿ ಬಲ ಬಳಸಿದರೆ ತಡೆಯುವುದು ಪೊಲೀಸನ ಕರ್ತವ್ಯ ಎಂಬುದು ಅದರಲ್ಲಿತ್ತು. ಮಿನಿಯಾಪೊಲಿಸ್ ನಗರದ ಪೊಲೀಸ್ ನಿಯಮಾವಳಿಗೂ ಅಂಥದೇ ವಿಧಿ 2016ರಲ್ಲೇ ಸೇರಿತ್ತು.

2020ರ ಮೇ 25ರಂದು ಅದೇ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಹಿರಿಯ ಅಧಿಕಾರಿಯೊಬ್ಬ ಒಂಬತ್ತು ನಿಮಿಷಗಳಿಗೂ ಹೆಚ್ಚು ಮೊಣಕಾಲೂರಿದಾಗ ಇನ್ನೂ ಮೂವರು ಪೊಲೀಸರು ಅಲ್ಲಿದ್ದರು. ಅವರಲ್ಲಿ ಇಬ್ಬರು ತರಬೇತಿ ಮುಗಿಸಿ ಕೆಲವೇ ದಿನಗಳಾಗಿದ್ದವು. ಅವರಲ್ಲೊಬ್ಬ, ಈತನನ್ನು ಮಗ್ಗುಲಿಗೆ ಹೊರಳಿಸೋಣವೇ ಎಂದು ಕೇಳಿದ. ಹಿರಿಯ ಬೇಡವೆಂದ. ಕಿರಿಯ ಮಣಿದ. 2022ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಲಯದ ಜ್ಯೂರಿ ಆ ಮೂವರನ್ನೂ ಅಪರಾಧಿಗಳೆಂದಿತು: ಸಾಯುತ್ತಿದ್ದವನಿಗೆ ನೆರವಾಗದ್ದಕ್ಕೆ ಮೂವರನ್ನೂ, ಜೊತೆಗಾರನನ್ನು ತಡೆಯದ್ದಕ್ಕೆ ಇಬ್ಬರನ್ನು. ನೋಡುತ್ತ ನಿಂತವರ ಕಾಲುಪಾಲನ್ನು ಕಾನೂನು ಅಳೆದುಕೊಟ್ಟಿತು. ಹಿರಿಯನ ಮಾತಿಗೆ ಮಣಿಯುವ ಅಭ್ಯಾಸವನ್ನು ಆ ಹೊಸಬನಿಗೆ ಕಲಿಸಿದವರ ಪಾಲು ಯಾವ ತೀರ್ಪಿನಲ್ಲೂ ಬರೆದಿಲ್ಲ. ಅದು ಇಲಾಖೆಯ ಲೆಕ್ಕದಲ್ಲೇ ಉಳಿದಿದೆ, ಪ್ರತಿ ವರ್ಷ ಸಂಘದ ಅಧ್ಯಕ್ಷತೆ ವಹಿಸಿಕೊಳ್ಳುವ ಹೊಸಬರಿಗೆ ಅದೂ ಸೇರಿಯೇ ಹಸ್ತಾಂತರವಾಗುತ್ತದೆ.