‘ಚೊಲೋ ಆತು’ ಎಂದರೆ ಸಾಕೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೊಸ ನಾಟಕವೊಂದು ಮುಗಿದ ಮೇಲೆ ಬರೆದವರಿಗೆ ಸಿಗುವ ವಿಮರ್ಶೆ ಬಹುಮಟ್ಟಿಗೆ ಎರಡೇ ಶಬ್ದಗಳದ್ದು: ‘ಚೊಲೋ ಆತು’. ತುಂಬ ಮೆಚ್ಚಿದರೆ ‘ರಾಶಿ ಚೊಲೋ ಆತು’. ಬರೆದವರು ಪಕ್ಕದೂರಿನ ಮಾಸ್ತರರೋ, ಸೊಸೈಟಿಯಲ್ಲಿ ಕೆಲಸ ಮಾಡುವವರೋ, ನಮ್ಮದೇ ನೆಂಟರೋ ಆಗಿರುತ್ತಾರೆ. ನಾಳೆ ಪೇಟೆಯಲ್ಲಿ ಎದುರಾಗುವವರು, ನಾಡಿದ್ದು ಯಾರದೋ ಮನೆಯ ಉಪನಯನದಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವವರು. ಅಂಥವರಿಗೆ ಬೇರೇನು ಹೇಳಲು ಬಾಯಿ ಬರುತ್ತದೆ? ರಂಗಭೂಮಿಯ ಬಗ್ಗೆ ಸಂಶೋಧನೆ ಮಾಡುತ್ತ, ಈ ಮೂರು ತಾಲ್ಲೂಕುಗಳ ಸಭಾಭವನಗಳಲ್ಲೂ ಶಾಲೆಯ ಅಂಗಳಗಳಲ್ಲೂ ಕಿರುನಾಟಕ ನೋಡುತ್ತ ಓಡಾಡುವ ನನಗೆ ಇದು ಬರಿಯ ಸೌಜನ್ಯದ ವಿಷಯ ಅನ್ನಿಸುವುದಿಲ್ಲ. ಹೊಸ ಕೃತಿಯೊಂದರ ಮೊದಲ ಪ್ರೇಕ್ಷಕರಾದವರು ಅದಕ್ಕೆ ಏನನ್ನು ಸಲ್ಲಿಸಬೇಕು ಎಂಬ ನೈತಿಕ ಪ್ರಶ್ನೆ ಇದರೊಳಗಿದೆ.

ನಮ್ಮ ಕಡೆಯವರಿಗೆ ವಿಮರ್ಶೆ ಬಾರದು ಎಂದು ಯಾರೂ ಹೇಳಲಾರರು. ತಾಳಮದ್ದಲೆಯ ಮರುದಿನ ಬೆಳಿಗ್ಗೆ ದೋಸೆ ತಿನ್ನುತ್ತ ನಡೆಯುವ ಚರ್ಚೆಯನ್ನು ಕೇಳಬೇಕು. ‘ವಾಲಿ ವಧೆ’ಯಲ್ಲಿ ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಯಾವ ಮಾತಿನಲ್ಲಿ ಹಿಡಿದ, ರಾಮ ಎಲ್ಲಿ ಜಾರಿಕೊಂಡ, ಯಾವ ಸಮರ್ಥನೆ ಟೊಳ್ಳಾಗಿತ್ತು ಎಂಬುದನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಅರ್ಥಧಾರಿ ದೊಡ್ಡವರೆಂದು ರಿಯಾಯಿತಿ ಇಲ್ಲ. ಅಲ್ಲಿ ಮೆಚ್ಚುಗೆಗೆ ಒಂದು ಆಧಾರವಿದೆ: ಪ್ರಸಂಗ ಗೊತ್ತು, ಪಾತ್ರ ಗೊತ್ತು, ನಿನ್ನೆಯ ವಾಲಿಯೊಡನೆ ಹೋಲಿಸಲು ಹತ್ತು ವರ್ಷದ ಹಿಂದಿನ ವಾಲಿ ನೆನಪಿನಲ್ಲಿದ್ದಾನೆ.

ಹೊಸ ಕಿರುನಾಟಕಕ್ಕೆ ಈ ಆಧಾರವಿಲ್ಲ. ಶಿರಸಿಯ ಮಾರುಕಟ್ಟೆಯಲ್ಲಿ ಅಡಿಕೆಗೆ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಎಂಬ ದರ್ಜೆಗಳು ಮೊದಲೇ ಇವೆ. ಮೊನ್ನೆ ಬರೆದು ಇವತ್ತು ಆಡಿದ ಇಪ್ಪತ್ತು ನಿಮಿಷದ ನಾಟಕಕ್ಕೆ ಅಳತೆಗೋಲನ್ನೂ ನೋಡುವವರೇ ಹುಡುಕಿಕೊಳ್ಳಬೇಕು. ಸಮಯ ಕಡಿಮೆಯಾದ್ದರಿಂದ ಅದು ಅರ್ಧ ಹೇಳಿ ಅರ್ಧವನ್ನು ನಮಗೆ ಬಿಡುತ್ತದೆ. ಆ ಅರ್ಧವನ್ನು ತುಂಬಿಕೊಳ್ಳುವ ಶ್ರಮವನ್ನು ತಪ್ಪಿಸಿಕೊಳ್ಳಲು ‘ಚೊಲೋ ಆತು’ ಸುಲಭದ ದಾರಿ.

ಕಳೆದ ವರ್ಷ ಸಿದ್ದಾಪುರದ ಬಳಿ ನೋಡಿದ ನಾಟಕವೊಂದರ ಉದಾಹರಣೆ ಕೊಡುತ್ತೇನೆ. ಮಗ ಬೆಂಗಳೂರಿನಲ್ಲಿದ್ದಾನೆ, ಊರಿನ ಮನೆಯಲ್ಲಿ ತಾಯಿ ಒಬ್ಬಳೇ. ತೋಟ ಮಾರುವ ಮಾತು ಫೋನಿನಲ್ಲಿ ನಡೆದಿದೆ. ಅಡಿಕೆ ಕೊಯ್ಯಲು ಬಂದ ಕೊನೆಗೌಡ ಅಂಗಳದಲ್ಲಿ ಕೂತು ಆಕೆಯ ತೀರ್ಮಾನಕ್ಕೆ ಕಾಯುತ್ತಿದ್ದಾನೆ. ಕಡೆಗೆ ಫೋನು ಮತ್ತೆ ರಿಂಗಾಗುತ್ತದೆ, ಆಕೆ ಎತ್ತುವ ಮೊದಲೇ ದೀಪ ಆರುತ್ತದೆ. ಪಕ್ಕದಲ್ಲಿದ್ದ ಹಿರಿಯರು ‘ಮುಂದೆಂತ ಆತು?’ ಎಂದರು. ಹಲವರು ಕಣ್ಣೊರೆಸಿಕೊಂಡರು. ಹೀಗೆ ಮಕ್ಕಳಿಗಾಗಿ ಕಾಯುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ನನ್ನ ಮನಸ್ಸು ಮಾತ್ರ ಕೊನೆಗೌಡನ ಹತ್ತಿರವೇ ನಿಂತಿತ್ತು. ನಾಟಕದುದ್ದಕ್ಕೂ ರಂಗದ ಮೇಲಿದ್ದ ಆತ ಆಡಿದ್ದು ನಾಲ್ಕೇ ಮಾತು, ನಾಲ್ಕೂ ಕೇಳಿದ್ದಕ್ಕೆ ಕೊಟ್ಟ ಉತ್ತರ. ತೋಟ ಬೇರೆಯವರ ಕೈಗೆ ಹೋದರೆ ಅವನ ದುಡಿಮೆಯ ಗತಿ ಏನು ಎಂದು ಯಾರೂ ಕೇಳಲಿಲ್ಲ. ಅವನು ಆ ತಾಯಿಯ ಕಣ್ಣಿಗೆ ಬೀಳಲಿಲ್ಲವೋ, ನಾಟಕದ ಕಣ್ಣಿಗೇ ಬೀಳಲಿಲ್ಲವೋ? ತಾಯಿಯ ಕಣ್ಣಿಗೆ ಎಂದಾದರೆ ಅದು ಬಹಳ ಸೂಕ್ಷ್ಮವಾದ ನಾಟಕ. ನಾಟಕದ ಕಣ್ಣಿಗೇ ಎಂದಾದರೆ ಅದು ಮರುಕವನ್ನು ತೋಟ ಇದ್ದವರಿಗೆ ಮಾತ್ರ ಹಂಚಿದೆ.

ಬರೆದವರ ಹತ್ತಿರ ಇದನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನಿಗೊಂದು ಮಾತು ಬರೆದಿದ್ದೆ, ಉದ್ದ ಆತು ಅಂತ ತೆಗೆದೆ’ ಎಂದರು.

ಕಿರುನಾಟಕದಲ್ಲಿ ಏನನ್ನಾದರೂ ಬಿಡಲೇಬೇಕು. ಆದರೆ ಉದ್ದವಾಯಿತು ಎಂದಾಗ ಮೊದಲು ಹೋಗುವುದು ಯಾರ ಮಾತು? ಇದು ಕಲೆಯ ಪ್ರಶ್ನೆ ಎಷ್ಟೋ ನ್ಯಾಯದ ಪ್ರಶ್ನೆಯೂ ಅಷ್ಟೇ. ಇದೇ ನೆಲದಲ್ಲಿ ಇದಕ್ಕೊಂದು ಹಿಂದಿನ ಉತ್ತರವೂ ಇದೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸಿದ್ದಿ ಜನರೊಡನೆ ರಂಗಕೆಲಸ ನಡೆಸಿತು. ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ಸಿದ್ದಿಗಳು ಆಡಿದ ‘ಕಪ್ಪು ಜನ ಕೆಂಪು ನೆರಳು’, ನೈಜೀರಿಯಾದ ಚಿನುವಾ ಅಚಿಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಆಧರಿಸಿದ್ದು. ಆಫ್ರಿಕಾ ಮೂಲದ, ಇಲ್ಲಿನ ಕಾಡಿನಂಚಿನಲ್ಲೂ ಪರರ ತೋಟಗಳಲ್ಲೂ ದುಡಿದು ಬದುಕಿದ ಸಮುದಾಯ ರಂಗದ ನಡುವೆ ಬಂದು ನಿಂತ ಗಳಿಗೆ ಅದು. ಅಂಗಳದಂಚಿನಲ್ಲಿ ಕೂತವರ ಕಥೆಯೇ ನಾಟಕವಾಗಬಲ್ಲದು ಎಂದು ಒಮ್ಮೆ ಕಂಡ ಸೀಮೆಯಲ್ಲಿ, ಕೊನೆಗೌಡನಿಗೆ ಯಾಕೆ ಮಾತಿಲ್ಲ ಎಂದು ಕೇಳುವುದು ಅತಿಯಾಸೆ ಆಗಲಾರದು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪ ಇದೆ. ಸಣ್ಣ ಊರಿನಲ್ಲಿ ಸ್ವಂತ ದುಡ್ಡು ಹಾಕಿ, ಕೊಯ್ಲಿನ ಹಂಗಾಮಿನ ನಡುವೆ ತಾಲೀಮು ಮಾಡಿ ನಾಟಕ ಕಟ್ಟುವವರ ಎದುರು ಹೀಗೆ ಕೊರತೆ ಎಣಿಸಿದರೆ ಅವರು ಮುಂದಿನ ವರ್ಷ ಬರೆಯದೇ ಇರಬಹುದು. ಸಸಿಗೆ ನೀರು ಬೇಕು, ಕತ್ತರಿ ಆಮೇಲೆ ಎನ್ನುತ್ತಾರೆ. ಇದನ್ನು ನಾನು ತಳ್ಳಿಹಾಕಲಾರೆ. ಆದರೆ ನೀರು ಎಂದರೆ ಹೊಗಳಿಕೆಯೇ ಆಗಬೇಕಿಲ್ಲ. ನಾಟಕವನ್ನು ಪೂರ್ತಿ ನೋಡಿದವರೊಬ್ಬರು ಇದ್ದಾರೆ ಎಂಬ ಭರವಸೆ ಬರೆದವರಿಗೆ ಅದಕ್ಕಿಂತ ದೊಡ್ಡದು. ‘ಚೊಲೋ ಆತು’ ಎಂದಿದ್ದರೆ ಅವರು ‘ಥ್ಯಾಂಕ್ಸ್’ ಎನ್ನುತ್ತಿದ್ದರು, ಕೈಬಿಟ್ಟ ಮಾತು ಅಲ್ಲೇ ಮುಚ್ಚಿಹೋಗುತ್ತಿತ್ತು.

ನಮ್ಮ ಕಾವ್ಯಮೀಮಾಂಸೆ ಪ್ರೇಕ್ಷಕನನ್ನು ಸಹೃದಯ ಎಂದಿತು. ಸಮಾನವಾದ ಹೃದಯವುಳ್ಳವನು ಎಂದರೆ ಎಲ್ಲಕ್ಕೂ ತಲೆದೂಗುವವನು ಎಂದಲ್ಲವಲ್ಲ. ಪಿ. ಲಂಕೇಶರ ‘ತೆರೆಗಳು’, ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಥರದ ನಾಟಕಗಳು ಹೊಸದಾಗಿ ಬಂದಾಗಲೂ ಜನರ ಕೈಯಲ್ಲಿ ಅಳತೆಗೋಲು ಇರಲಿಲ್ಲ. ‘ಅಸಂಗತ’ ಎಂಬ ಮಾತು ಕನ್ನಡ ವಿಮರ್ಶೆಯಲ್ಲಿ ಬಳಕೆಗೆ ಬಂದದ್ದೇ ಅಂಥ ನಾಟಕಗಳ ಜೊತೆ ಸೆಣಸುತ್ತ.

ಹಾಗಾಗಿ ಹೊಸ ನಾಟಕಕ್ಕೆ ನಾವು ಸಲ್ಲಿಸಬೇಕಾದದ್ದು ತೀರ್ಪು ಅಲ್ಲ ಎಂದೇ ನನ್ನ ಅಭಿಪ್ರಾಯ. ತೀರ್ಪಿಗೆ ಮುಂದೆ ಬೇಕಾದಷ್ಟು ಕಾಲವಿದೆ. ಕಂಡದ್ದನ್ನು ಕಂಡಹಾಗೆ ಹೇಳುವುದು, ಕಾಣದೆ ಹೋದದ್ದರ ಬಗ್ಗೆ ಒಂದು ಪ್ರಶ್ನೆ ಕೇಳುವುದು, ಉತ್ತರ ಬರುವವರೆಗೆ ನಿಲ್ಲುವುದು ಇವತ್ತೇ ಆಗಬೇಕು. ತಾಳಮದ್ದಲೆಯ ಮರುದಿನ ನಾವು ಇದನ್ನೆಲ್ಲ ಮಾಡುತ್ತಲೇ ಇದ್ದೇವೆ. ವಾಲಿಗಾಗಿ ರಾಮನನ್ನೇ ಬಿಡದೆ ಪ್ರಶ್ನಿಸುವವರು ಕೊನೆಗೌಡನಿಗಾಗಿ ಪಕ್ಕದೂರಿನ ಮಾಸ್ತರರನ್ನು ಒಂದು ಮಾತು ಕೇಳಬಹುದು.