ಹತ್ತಿದ ಏಣಿ

ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಮನೆಯ ಬೀರುವಿನಲ್ಲಿ ಅತ್ತೆಯವರ ಹಳೆಯ ಮೊಬೈಲು ಈಗಲೂ ಇದೆ. ಅದು ಕೆಟ್ಟಿಲ್ಲ. ಅದರ ಕಾಲ ಮುಗಿದಿದೆ, ಅಷ್ಟೆ.

ಅದು ಸಿಡಿಎಂಎ ಎಂಬ ಪದ್ಧತಿಯ ಫೋನು. ಅದಕ್ಕೆ ಸಿಮ್ ಕಾರ್ಡೇ ಇರಲಿಲ್ಲ. ನಂಬರು ಫೋನಿನೊಳಗೇ ಕೂತಿತ್ತು. ಕಣ್ಣಿಗೆ ಪೊರೆ ಬಂದಿದ್ದರೂ ಅತ್ತೆ ಗುಂಡಿಗಳನ್ನು ಬೆರಳಿನಲ್ಲೇ ತಡವಿ, ಮೈಸೂರಿನ ತಮ್ಮ ಅಕ್ಕನಿಗೆ ದಿನವೂ ಸಂಜೆ ಫೋನು ಮಾಡುತ್ತಿದ್ದರು. ಕಂಪನಿಯವರು 4ಜಿ ಕಡೆಗೆ ಹೊರಳಿ ಹಳೆಯ ಜಾಲ ಮುಚ್ಚಿದರು. ನಂಬರು ಬದಲಾಗದಂತೆ ಬೇರೆ ಕಂಪನಿಗೆ ಹೋಗುವ ಸೌಲಭ್ಯ 2011ರಿಂದಲೇ ದೇಶದಲ್ಲಿತ್ತು. ನಂಬರು ಉಳಿಸಿಕೊಂಡೆವು, ಹೊಸ ಫೋನು ತಂದೆವು. ಆದರೆ ಗಾಜಿನ ಮೇಲೆ ಬೆರಳು ಏನನ್ನು ತಡವೀತು? "ನೀನೇ ಮಾಡಿಕೊಡಮ್ಮ" ಎನ್ನತೊಡಗಿದರು. ದಿನವೂ ಕೇಳಲು ಅವರಿಗೆ ಸಂಕೋಚ. ದಿನದ ಮಾತು ವಾರಕ್ಕೆ, ವಾರದ್ದು ಹಬ್ಬಕ್ಕೆ ಇಳಿಯಿತು.

ನನಗೆ ಕಂಪನಿಯ ಮೇಲೆ ಸಿಟ್ಟು. ಹತ್ತಿದ ಏಣಿಯನ್ನೇ ಒದೆಯುವವರು ಎಂದು ಬೈದೆ. ಬಿಟಿಎಂ ಲೇಔಟಿನಲ್ಲಿರುವ ಭಾವನ ಮಗ, ಟೆಲಿಕಾಂ ಎಂಜಿನಿಯರು, ನಕ್ಕ. "ಚಿಕ್ಕಮ್ಮ, ತರಂಗಾಂತರ ಸೈಟಿದ್ದ ಹಾಗೆ, ಬೆಳೆಯುವುದಿಲ್ಲ. ಹಳೆಯ ಪದ್ಧತಿ ನಾಲ್ಕು ಜನರ ಹೆಂಚಿನ ಮನೆ. ಅದೇ ಜಾಗದಲ್ಲಿ ಹೊಸದು ಕಟ್ಟಿದರೆ ನಲವತ್ತು ಜನ ಇರಬಹುದು" ಎಂದ. ಜಯನಗರದವಳಿಗೆ ಈ ಮಾತು ಅರ್ಥವಾಗದೆ ಇದ್ದೀತೆ!

ಹೊಸದಕ್ಕೆ ಹೋಗುವ ದಾರಿಯೂ ಒಂದೇ ಅಲ್ಲವಂತೆ. 2022ರ ಅಕ್ಟೋಬರಿನಲ್ಲಿ ದೇಶಕ್ಕೆ 5ಜಿ ಬಂದಾಗ, ಏರ್‌ಟೆಲ್ ಅದನ್ನು ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ 4ಜಿಯ ಬೆನ್ನ ಮೇಲೆಯೇ ಕೂರಿಸಿ ಆರಂಭಿಸಿತು. ಹಳೆಯ ಅಡುಗೆಮನೆಯಲ್ಲಿ ಹೊಸ ಒಲೆ ಇಟ್ಟ ಹಾಗೆ. ಜಿಯೋ 5ಜಿಗೆ ತಿರುಳಿನಿಂದಲೇ ಬೇರೆ ಜಾಲ ಕಟ್ಟಿತು. ಬೇರೆ ಮನೆ ಮಾಡಿದ ಹಾಗೆ. ಮೊದಲ ದಾರಿಯಲ್ಲಿ ಕೆಲಸ ಬೇಗ ಆಗುತ್ತದೆ. ಎರಡನೆಯದರಲ್ಲಿ ಹೊಸದರ ಗುಣವೆಲ್ಲ ಸಿಗುತ್ತದೆ. 2016ರಲ್ಲಿ 4ಜಿಯಿಂದಲೇ ಶುರುವಾದ ಜಿಯೋಗೆ ಮನೆಯಲ್ಲಿ ಹಿರಿಯರೇ ಇರಲಿಲ್ಲ. ಏರ್‌ಟೆಲ್ಲಿಗೆ ಇದ್ದರು. ಅದು 2020ರ ಹೊತ್ತಿಗೆ 3ಜಿಯನ್ನು ಮುಚ್ಚಿ, ಇನ್ನೂ ಹಳೆಯದಾದ 2ಜಿಯನ್ನು ಉಳಿಸಿಕೊಂಡಿತು. ಗುಂಡಿ ಫೋನಿನ ಗಿರಾಕಿಗಳು ಕೋಟಿಗಟ್ಟಲೆ ಇದ್ದರಲ್ಲ! ಇದು ಕರುಣೆಯಲ್ಲ, ಲೆಕ್ಕಾಚಾರ. ಆದರೂ ಬನಶಂಕರಿಯಿಂದ ನಮ್ಮ ಮನೆಗೆಲಸಕ್ಕೆ ಬರುವಾಕೆಯ ಫೋನು ಆ ಲೆಕ್ಕಾಚಾರದಿಂದಲೇ ರಿಂಗಾಗುತ್ತದೆ.

ಹಾಗಾದರೆ ನ್ಯಾಯ ಯಾವುದು? ಒಬ್ಬರ ಹಳೆಯ ಅಭ್ಯಾಸಕ್ಕಾಗಿ ನಲವತ್ತು ಜನರ ಜಾಗವನ್ನು ಎಂದೆಂದಿಗೂ ಹಿಡಿದಿಡುವುದು ನ್ಯಾಯವಲ್ಲ. ಮುಚ್ಚುವುದೇ ತಪ್ಪಲ್ಲ. ಕೊನೆಯಲ್ಲಿ ಉಳಿದವರು ಹೇಗೆ ದಾಟುತ್ತಾರೆ ಎಂದು ತಿರುಗಿ ನೋಡದೆ ಮುಚ್ಚುವುದು ತಪ್ಪು.

ಇಷ್ಟು ಯೋಚಿಸಿದ ಮೇಲೆ ಬೆರಳು ನನ್ನ ಕಡೆಗೇ ತಿರುಗಿತು. ನಾವು ಹೊಸ ಫೋನು ತಂದ ದಿನ ಅಂಗಡಿಯಲ್ಲಿ ಗುಂಡಿ ಫೋನುಗಳೂ ಇದ್ದವು. ಅಗ್ಗವೂ ಆಗಿದ್ದವು. ಅತ್ತೆಗೆ ಯಾವುದು ಬೇಕು ಎಂದು ನಾವು ಯಾರೂ ಕೇಳಲಿಲ್ಲ. ಒಳ್ಳೆಯದನ್ನೇ ಕೊಡಿಸುತ್ತಿದ್ದೇವೆ ಎಂಬ ಸಂತೋಷದಲ್ಲಿ ಕೇಳುವುದು ಮರೆತೇ ಹೋಗಿತ್ತು. ಕಂಪನಿ ಅತ್ತೆಯವರ ಮುಖ ಕಂಡಿರಲಿಲ್ಲ. ನಾನು ದಿನವೂ ಕಾಣುತ್ತಿದ್ದೆ.

ಮೈಸೂರಿನ ದೊಡ್ಡಮ್ಮ ತೀರಿಕೊಂಡ ಸುದ್ದಿ ಬಂದಾಗ ಅತ್ತೆ ಅಳಲಿಲ್ಲ. "ಮಾತಾಡಿ ಹದಿನೈದು ದಿನ ಆಗಿತ್ತು" ಎಂದರು. ಯಾರನ್ನೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರಾಗುತ್ತಿತ್ತು.

ಮೊನ್ನೆ ಮನೆಗೆಲಸದಾಕೆಯ ಫೋನು ಕೆಟ್ಟಿತು. ಹೊಸದು ಕೊಡಿಸೋಣವೆನಿಸಿತು. ಈ ಸಲ ಮೊದಲು ಕೇಳಿದೆ.

"ಗುಂಡೀದೇ ಇರ್ಲಿ ಅಕ್ಕ" ಎಂದಳು.