ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ

ನಾನು ಔರಾದ್ ಕಡೆಯವ. ಬೀದರಿನಲ್ಲಿ ಕಾಮರ್ಸ್ ಪಾಠ ಹೇಳಿ, ನಿವೃತ್ತನಾದ ಮೇಲೆ ಭಾಲ್ಕಿ ಸೇರಿದೆ. ಕಾಯಕ, ದಾಸೋಹ ಎನ್ನುವ ನೆಲದಲ್ಲಿ ಕಂಪನಿ ಕಾನೂನು ಕಲಿಸಿದವನಿಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ: ಕಂಪನಿಯನ್ನು ಕೊಳ್ಳಲು ಬಂದವನನ್ನು ತಡೆಯುವುದು ಧರ್ಮವೋ, ಕುರ್ಚಿಯ ಆಸೆಯೋ?

2019ರ ಮಾರ್ಚ್‌ನಲ್ಲಿ ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಐಟಿ ಕಂಪನಿ ಮೈಂಡ್‌ಟ್ರೀಯಲ್ಲಿದ್ದ ಸುಮಾರು ಶೇ 20ರಷ್ಟು ಪಾಲನ್ನು ಶೇರಿಗೆ 980 ರೂಪಾಯಿಯಂತೆ ಎಲ್ ಆ್ಯಂಡ್ ಟಿಗೆ ಮಾರಲು ಒಪ್ಪಿದರು. ನಾವು ಕಟ್ಟಿದ ಸಂಸ್ಕೃತಿ ಉಳಿಯದು ಎಂದು ಮೈಂಡ್‌ಟ್ರೀ ಸಂಸ್ಥಾಪಕರು ವಿರೋಧಿಸಿದರು. ತಡೆಯಲು ಕಂಪನಿಯ ಹಣದಲ್ಲೇ ಶೇರು ಮರುಖರೀದಿ ಮಾಡುವ ಮಾತೂ ಬಂತು. ಮಂಡಳಿ ಅದನ್ನು ಕೈಬಿಟ್ಟಿತು. ಜುಲೈ ಮೊದಲ ವಾರದ ಹೊತ್ತಿಗೆ ಸುಮಾರು ಶೇ 60 ಪಾಲು ಎಲ್ ಆ್ಯಂಡ್ ಟಿಯದಾಗಿತ್ತು.

ಕೈಬಿಟ್ಟದ್ದೇ ಸರಿ ಎನ್ನುವವ ನಾನು. ಎಲ್ಲರ ದುಡ್ಡಿನಲ್ಲಿ ಕೆಲವರ ಹಿಡಿತ ಉಳಿಸಿಕೊಳ್ಳುವುದು ದಾಸೋಹವಂತೂ ಅಲ್ಲ. ಆದರೆ ಸಂಸ್ಥಾಪಕರ ಅಳುಕು ಸುಳ್ಳೆನ್ನಲಾರೆ. 2013ರ ಕಂಪನಿ ಕಾಯ್ದೆಯ ಶೇ 2ರ ಸಾಮಾಜಿಕ ಖರ್ಚು ಮಾಲೀಕ ಬದಲಾದರೂ ತಪ್ಪುವುದಿಲ್ಲ. ಕೆಲಸಗಾರ, ಊರು, ಪರಿಸರದ ಹಿತ ನೋಡಬೇಕೆನ್ನುವ 166ನೇ ಕಲಮಿನ ಹೊಣೆಗೆ ಮಾತ್ರ ಅಂಥ ಲೆಕ್ಕವಿಲ್ಲ; ಅದು ಮಂಡಳಿಯಲ್ಲಿ ಕೂತವರ ಮನಸ್ಸಿನ ಮೇಲೆ ನಿಂತಿದೆ.

ತಡೆಯುವುದೆಂದರೆ ಹೇಗಿರಬೇಕೆಂದು ನಮ್ಮ ಭಾಲ್ಕಿಯನ್ನೇ ಕೇಳಬೇಕು. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಆ ಬೋರ್ಡು ಕಾದದ್ದು ಪೀಠವನ್ನಲ್ಲ, ಪಾಠವನ್ನು. ಆಳುವವರಿಗೆ ಗೊತ್ತಾದರೆ ಪೆಟ್ಟು ತಮಗೇ ಎಂಬುದು ಪಟ್ಟದ್ದೇವರಿಗೆ ತಿಳಿದಿತ್ತು.

ಎಲ್ ಆ್ಯಂಡ್ ಟಿ ಕೂಡ ಹಿಂದೆ ಅಂಬಾನಿ, ಬಿರ್ಲಾಗಳ ಕಣ್ಣಿಗೆ ಬಿದ್ದಿತ್ತು. ಆಗ ಸಿಮೆಂಟ್ ವ್ಯವಹಾರವನ್ನು ಬಿಟ್ಟುಕೊಟ್ಟು, ಬಿರ್ಲಾಗಳ ಗ್ರಾಸಿಂ ಬಳಿಯಿದ್ದ ತನ್ನ ಪಾಲು ತನ್ನದೇ ನೌಕರರ ಟ್ರಸ್ಟ್‌ಗೆ ಸೇರುವಂತೆ ಮಾಡಿತು. ದುಡಿಯುವವರ ಕೈಗೇ ಪಾಲು ಹೋಗುವ ಈ ತಡೆ ನನಗೆ ಒಪ್ಪಿಗೆ. ಅದೇ ಕಂಪನಿ ಮುಂದೆ ಮೈಂಡ್‌ಟ್ರೀಗೆ ಕೈ ಹಾಕಿತೆನ್ನುವುದು ಬೇರೆ ಮಾತು.

ಕೊಳ್ಳಲಾಗದ ಸಂಸ್ಥೆ ತಾನಾಗಿ ಒಳ್ಳೆಯದಾಗುತ್ತದೆಂದೂ ಅಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಶೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಹೊರಗಿನ ಸಾಹುಕಾರ ನುಗ್ಗಲಾರ. ನಾನು ಶೇರುದಾರನಾಗಿದ್ದ ಕಾರ್ಖಾನೆ ಹಾಗಿದ್ದೂ ಕಬ್ಬಿನ ಬಿಲ್ಲು ತಡಮಾಡಿತು, ಕೊಳೆನೀರನ್ನು ಹಳ್ಳಕ್ಕೆ ಬಿಟ್ಟಿತು.

ಶೇರು ಇಟ್ಟುಕೊಂಡ ಬೀದರ್ ಜಿಲ್ಲೆಯ ಬಂಧುಗಳೇ, ವಾರ್ಷಿಕ ಸಭೆಗೆ ಹೋಗಿ. ಡಿವಿಡೆಂಡ್ ಎಷ್ಟೆಂದು ಕೇಳುವ ಮೊದಲು ಹಳ್ಳದ ನೀರಿನ ಲೆಕ್ಕ ಕೇಳಿ.